ಮಗ್ದಲಿನ್ ಬಾಯಿಯ ಬೆಂಚು

ನಮ್ಮ ಭಾಷಾ ಹಕ್ಕು ವೇದಿಕೆಗೆ ಹದಿನಾರು ವರ್ಷದಿಂದ ಮಗ್ದಲಿನ್ ಬಾಯಿಯೇ ಕಾರ್ಯದರ್ಶಿ. ವರ್ಕಾಡಿಯವರು, ಬೀಡಿ ಕಟ್ಟಿ ಬದುಕಿದವರು, ಓದಿದ್ದು ಏಳನೇ ಕ್ಲಾಸು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು; ಕಾಗದ ಮಾತ್ರ ಕನ್ನಡದ್ದೇ ಆಗಬೇಕು. ಸರಕಾರದ ಭಾಷೆ ಮಲಯಾಳವಾದ ನಮ್ಮ ಗಡಿನಾಡಿನಲ್ಲಿ ಕನ್ನಡ ಓದುವವರಿಗೆ ಸರಕಾರಿ ಕಾಗದ ಕನ್ನಡದಲ್ಲಿ ಸಿಗಬೇಕೆಂದು ಎಷ್ಟೋ ಕಚೇರಿಗಳ ಮೆಟ್ಟಿಲು ಸವೆಸಿದ್ದಾರೆ. ಈಗ ಮೊಣಕಾಲು ಮುಷ್ಕರ ಹೂಡಿದೆ. ಹಾಗಾಗಿ ತನ್ನ ಜಾಗಕ್ಕೆ ಬಾಯಾರು ಊರಿನ ದೀಪ್ತಿ ಎಂಬ ಹುಡುಗಿಯನ್ನು ತಯಾರು ಮಾಡುತ್ತಿದ್ದರು.

ಆ ತಯಾರಿಯ ಕ್ರಮ ಕೇಳಿದರೆ ನೀವು ನಗುತ್ತೀರಿ. ಹುಡುಗಿಯನ್ನು ಕಚೇರಿಯೊಳಗೆ ಕಳಿಸುವುದು, ತಾನು ಹೊರಗಿನ ಬೆಂಚಿನಲ್ಲಿ ಕೂರುವುದು. ಒಳಗೆ ಜಗಳವಾದರೂ ಏಳುವುದಿಲ್ಲ. ನಾನು ಗುಣಪಾಲ, ವೇದಿಕೆಯ ಸದಸ್ಯ, ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ತಾಳ್ಮೆ ಮೊದಲೇ ಕಡಿಮೆ.

"ನೀವೊಮ್ಮೆ ಒಳಗೆ ಹೋಗಿ ಬಾಯಿ, ಐದು ನಿಮಿಷದ ಕೆಲಸ" ಎಂದೆ.

"ನಾನು ಹೋದರೆ ಐದು ನಿಮಿಷ, ಹೌದು. ನಾನು ಸತ್ತ ಮೇಲೆ ಯಾರು ಹೋಗುವುದು, ನೀನಾ? ಸುಮ್ಮನೆ ಕೂತ್ಕೊ ಮಾರಾಯ."

ಅಂದು ಭೂಮಾಪನ ಕಚೇರಿಯಲ್ಲಿದ್ದ ಕೆಲಸ ನಮ್ಮ ಕಡೆಯ ಈಶ್ವರಿಯಕ್ಕನದ್ದು. ಹತ್ತು ಸೆಂಟ್ಸ್ ಜಾಗ, ಅದರಲ್ಲೊಂದು ಮನೆ, ಅಷ್ಟೇ ಆಕೆಯ ಆಸ್ತಿ. ಜಾಗದ ಹೊಸ ಅಳತೆ ಸರಿ ಇದೆಯೆಂದು ಶುಕ್ರವಾರದೊಳಗೆ ಸಹಿ ಹಾಕಬೇಕಿತ್ತು. ಕಾಗದ ಮಲಯಾಳದಲ್ಲಿತ್ತು. ಓದಲು ಬಾರದ್ದಕ್ಕೆ ಸಹಿ ಹಾಕಲು ಆಕೆ ಒಪ್ಪಲಿಲ್ಲ. ಹಾಕದಿದ್ದರೆ ಗಡಿಕಲ್ಲು ಎಲ್ಲಿ ಬೀಳುತ್ತದೋ ಎಂದು ನಿದ್ದೆಯೂ ಇರಲಿಲ್ಲ.

ದೀಪ್ತಿ ಹತ್ತು ನಿಮಿಷದಲ್ಲಿ ಮುಖ ಸಣ್ಣ ಮಾಡಿಕೊಂಡು ಹೊರಗೆ ಬಂದಳು. ಅಧಿಕಾರಿಗೆ ಸುಲಭವಾಗಲಿ ಎಂದು ಇವಳು ಕನ್ನಡದಲ್ಲಿ ಕಾಗದ ಕೊಡಬೇಕೆಂಬ ಕಾನೂನನ್ನೆಲ್ಲ ಮಲಯಾಳದಲ್ಲೇ ವಿವರಿಸಿದ್ದಳಂತೆ. ಅವರು ನಕ್ಕು, ಇಷ್ಟು ಚೆನ್ನಾಗಿ ಮಲಯಾಳ ಬರುವಾಗ ಕನ್ನಡದ ಕಾಗದ ಯಾಕೆ, ನೀವೇ ಓದಿ ಹೇಳಿ ಎಂದರಂತೆ.

ನನಗೆ ಸಿಟ್ಟು ನೆತ್ತಿಗೇರಿತು. "ಕನ್ನಡ ಕೇಳಲಿಕ್ಕೆ ಹೋದವಳು ಮಲಯಾಳದಲ್ಲಿ ಕೇಳಿದ್ದಾ?" ಎಂದು ರೇಗಿದೆ. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ. ಎದುರಿನವರು ಮಲಯಾಳಿ ಎಂದು ಗೊತ್ತಾದರೆ ಸಾಕು, ನಮ್ಮ ಕಡೆಯವರ ನಾಲಿಗೆ ತಾನಾಗಿ ಹೊರಳುತ್ತದೆ.

ಬಾಯಿ ಬೈಯಲಿಲ್ಲ. "ಆಗ ಈಶ್ವರಿ ಎಲ್ಲಿದ್ದಳು?" ಎಂದು ಕೇಳಿದರು.

"ನನ್ನ ಹಿಂದೆ ನಿಂತಿದ್ದರು."

"ಎಂತಾದರೂ ಹೇಳಿದಳಾ?"

"ಅವರಿಗೆ ಮಾತಾಡಲಿಕ್ಕೆ ನಾನು ಬಿಡಲೇ ಇಲ್ಲ ಬಾಯಿ" ಎಂದ ದೀಪ್ತಿಯ ಕಣ್ಣು ತುಂಬಿತು. "ಇದು ನನ್ನಿಂದ ಆಗುವ ಕೆಲಸ ಅಲ್ಲ."

ಜೀಪು ಹತ್ತಿ ಮನೆಗೆ ಬಂದೆವು.

ಶುಕ್ರವಾರ ದೀಪ್ತಿ, ಈಶ್ವರಿಯಕ್ಕ ಮತ್ತೆ ಒಳಗೆ ಹೋದರು. ಐದೇ ನಿಮಿಷಕ್ಕೆ ದೀಪ್ತಿ ಒಬ್ಬಳೇ ಹೊರಬಂದು ನಮ್ಮ ಪಕ್ಕ ಕೂತಳು.

"ಎಂತ, ಪುನಃ ಓಡಿಸಿದರಾ?"

"ಇಲ್ಲ ಗುಣಪಾಲಣ್ಣ. ಈಶ್ವರಿಯಕ್ಕ ಮಾತಾಡ್ತಾ ಇದ್ದಾರೆ."

"ಅವಳಿಗೆ ಮಲಯಾಳ ಬರುವುದಿಲ್ಲವಲ್ಲ?"

"ಅದಕ್ಕೇ ನಾನು ಹೊರಗೆ ಬಂದದ್ದು."

ಒಳಗಿಂದ ಈಶ್ವರಿಯಕ್ಕನ ಸ್ವರ ಕೇಳಿತು. "ಜಾಗ ನನ್ನದು ಸಾರ್. ನನಗೆ ಓದಲಿಕ್ಕೆ ಆಗಬೇಕು. ಕನ್ನಡದ್ದು ಕೊಡುವವರೆಗೆ ಇಲ್ಲೇ ಕೂರ್ತೇನೆ."

ದೀಪ್ತಿ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು; ಏಳಲಿಲ್ಲ. ಕನ್ನಡ ಬಲ್ಲ ಗುಮಾಸ್ತರೊಬ್ಬರನ್ನು ಕರೆಸಿದ್ದು ಕಾಣಿಸಿತು. ಮುಕ್ಕಾಲು ಗಂಟೆಯ ಮೇಲೆ ಈಶ್ವರಿಯಕ್ಕ ಕನ್ನಡದ ಕಾಗದ ಹಿಡಿದು ಬಂದರು. ಬೆಂಚಿನ ಮೇಲೆ ಹರಡಿ, ಬೆರಳಿಟ್ಟು ಒಂದೊಂದೇ ಸಾಲು ಓದಿ, ಹತ್ತು ಸೆಂಟ್ಸ್ ಎಂಬಲ್ಲಿ ಎರಡು ಸಲ ಓದಿ, ಸಹಿ ಹಾಕಿದರು. ನನಗಾದ ಖುಷಿ ಹೇಳಿ ಪೂರೈಸದು.

ಮಗ್ದಲಿನ್ ಬಾಯಿ ಮೊಣಕಾಲು ಹಿಡಿದು ಎದ್ದರು.

"ಮುಂದಿನ ಸಲ ನನ್ನನ್ನು ಕಾಯಬೇಡಿ" ಎಂದರು ದೀಪ್ತಿಯನ್ನು ನೋಡಿ. "ನನ್ನ ಬೆಂಚಿಗೆ ಜನ ಸಿಕ್ಕಿತು."