ಆಗುವುದಿಲ್ಲ ಎಂದು ಬರೆದ ಚೀಟಿಗಳು

ಆ ಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿಯಾಗಿ ಹೋದದ್ದು ಒಂದು ಜೂನ್ ತಿಂಗಳಲ್ಲಿ. ಬಡ್ತಿಯ ಜೊತೆಗೇ ವರ್ಗವೂ ಬಂದಿತ್ತು. ಮೀನಂಗಡಿಯ ಮನೆ ಬಿಟ್ಟು ಕಾಟ್ಟಿಕುಳಂನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಶಾಲೆ ಇದ್ದದ್ದು ತೃಶ್ಶಿಲೇರಿಯಿಂದ ಸ್ವಲ್ಪ ಆಚೆ, ಗದ್ದೆ ಮುಗಿದು ಕಾಡು ಶುರುವಾಗುವಲ್ಲಿ. ಏಳನೆಯವರೆಗೆ ತರಗತಿಗಳು, ನನ್ನನ್ನು ಬಿಟ್ಟು ಏಳು ಜನ ಶಿಕ್ಷಕರು, ಒಂದು ಜೀಪು.

ಜೀಪಿನ ವಿಷಯ ಮೊದಲು ಹೇಳಬೇಕು. ಅದು ಬುಡಕಟ್ಟಿನವರ ಎರಡು ಹಾಡಿಗಳಿಂದ ಮಕ್ಕಳನ್ನು ಕರೆತರುತ್ತಿತ್ತು. ಕೆಳಗಿನ ಹಾಡಿ ಟಾರು ರಸ್ತೆಯ ಪಕ್ಕದಲ್ಲೇ. ಮೇಲಿನದು ಕಾಡಿನೊಳಗೆ. ಡ್ರೈವರನ ಮನೆ ಮೇಲಿನ ಹಾಡಿಯಲ್ಲಿದ್ದುದರಿಂದ ಬೆಳಿಗ್ಗೆ ಅವನು ಅಲ್ಲಿಯ ಮಕ್ಕಳನ್ನು ಮೊದಲು ತಂದು ಇಳಿಸುತ್ತಿದ್ದ, ಸಂಜೆ ಅವರನ್ನು ಕೊನೆಗೆ ಕರೆದುಕೊಂಡು ತಾನೂ ಮನೆ ಸೇರುತ್ತಿದ್ದ. ಅವನ ಲೆಕ್ಕ ಸರಿಯೇ. ಆದರೆ ಗಂಟೆ ಬಾರಿಸುವುದು ಹತ್ತಕ್ಕೆ, ಆ ಮಕ್ಕಳು ಬಂದಿಳಿಯುವುದು ಎಂಟೂವರೆಗೆ. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟರೂ ಐದರವರೆಗೆ ಅವರು ಕಾಯಬೇಕು. ಇಪ್ಪತ್ತು ಮಕ್ಕಳು ಎರಡು ಹೊತ್ತೂ ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿರುತ್ತಿದ್ದರು.

ಅವರಲ್ಲಿ ಐದನೆಯ ತರಗತಿಗೆ ಬಂದವರಿಗೂ ಓದಲು ಬರುತ್ತಿರಲಿಲ್ಲ. ಪಾಠ ಮಲಯಾಳದಲ್ಲಿ, ಅವರ ಮನೆಮಾತು ಬೇರೆ, ಕನ್ನಡಕ್ಕೆ ಹತ್ತಿರದ್ದು. ಆ ಮಾತು ನನಗೆ ತೀರ ಹೊಸದಲ್ಲ. ನಮ್ಮದು ತಲೆಮಾರುಗಳ ಹಿಂದೆ ಕರ್ನಾಟಕದಿಂದ ಬಂದು ನೆಲೆನಿಂತ ಜೈನ ಒಕ್ಕಲು ಮನೆ. ಹೊಸ್ತಿಲ ಒಳಗೆ ಕನ್ನಡ, ದಾಟಿದರೆ ಮಲಯಾಳ. ಮಕ್ಕಳು ಜಗಲಿಯ ಮೇಲೆ ತಮ್ಮತಮ್ಮಲ್ಲೇ ಆಡುವ ಮಾತು ಕಿವಿಗೆ ಬಿದ್ದರೆ ನನ್ನ ಅಜ್ಜಿಯ ಸೋದರಿಯರು ಯಾರೋ ದೂರದಲ್ಲಿ ಮಾತಾಡುತ್ತಿದ್ದಂತೆ ಇರುತ್ತಿತ್ತು.

ಆಗಸ್ಟಿನ ಹೊತ್ತಿಗೆ ನಾನು ಒಂದು ತೀರ್ಮಾನಕ್ಕೆ ಬಂದೆ. ಐದರಿಂದ ಏಳನೆಯ ತರಗತಿಯವರೆಗೆ ಶಾಲೆ ಸಂಜೆ ಐದರವರೆಗೆ ನಡೆಯಲಿ, ಆ ಒಂದು ಗಂಟೆ ಓದು ಬರಹಕ್ಕೆ ಮಾತ್ರ. ಭಾನುವಾರವೆಲ್ಲ ಮನೆಯಲ್ಲಿ ಕೂತು ದೊಡ್ಡ ಚಾರ್ಟಿನ ಮೇಲೆ ನಾಲ್ಕು ಬಣ್ಣದ ಪೆನ್ನಿನಲ್ಲಿ ವೇಳಾಪಟ್ಟಿ ಬರೆದೆ. ದಿನಕ್ಕೆ ಇಬ್ಬರು ಶಿಕ್ಷಕರು, ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನೋಡಿ ನನಗೇ ಹೆಮ್ಮೆಯಾಯಿತು. ಸೋಮವಾರ ಬೆಳಿಗ್ಗೆ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದೆ.

ಎಲ್ಲರೂ ತಮ್ಮತಮ್ಮ ಹೆಸರು ಎಲ್ಲಿದೆ ಎಂದು ಹುಡುಕಿ, ನೋಡಿ, ಬಂದು ಕೂತರು. ಕೊನೆಗೆ ಗಣಿತದ ಮಾಷ್ ಎದ್ದರು. ಇಲ್ಲಿ ಮೇಷ್ಟರನ್ನು ಮಾಷ್ ಎನ್ನುತ್ತಾರೆ. ಇವರು ಆ ಶಾಲೆಯಲ್ಲಿ ಎಲ್ಲರಿಗಿಂತ ಹಿರಿಯರು, ಶಿಕ್ಷಕರ ಸಂಘದವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಅವರಿಗೆ ನಿಯಮದ ಪುಸ್ತಕ ಬಾಯಿಪಾಠ ಎಂದು ಬೇರೆಯವರು ನನಗೆ ಮೊದಲೇ ಎಚ್ಚರಿಸಿದ್ದರು.

"ಟೀಚರೇ, ಇದನ್ನು ಯಾರನ್ನು ಕೇಳಿ ಬರೆದಿರಿ?" ಎಂದರು.

"ಮಕ್ಕಳ ಒಳ್ಳೆಯದಕ್ಕಲ್ಲವೇ ಮಾಷ್?"

"ಒಳ್ಳೆಯದಕ್ಕೇ. ಆದರೆ ಕೇಳಿದ್ದು ಯಾರನ್ನು?"

ನನಗೆ ಸಿಟ್ಟು ಬಂತು. ಈ ಮನುಷ್ಯನಿಗೆ ಕೆಲಸ ತಪ್ಪಿಸಿಕೊಳ್ಳಲು ಒಂದು ನೆಪ ಬೇಕು ಎಂದುಕೊಂಡೆ. ಪೋಷಕರ ಸಭೆಯಲ್ಲಿ ಒಪ್ಪಿಗೆ ಸಿಕ್ಕರೆ ಇವರೆಲ್ಲ ತಾವಾಗಿಯೇ ಬಗ್ಗುತ್ತಾರೆ ಎಂದು ಆ ವಾರವೇ ಸಭೆ ಕರೆದೆ.

ಸಭೆಗೆ ಮೇಲಿನ ಹಾಡಿಯಿಂದ ಬಂದವರು ನಾಲ್ಕೇ ಜನ. ಅದರಲ್ಲಿ ಒಬ್ಬಳು ಮುದುಕಿ, ಐದನೆಯ ತರಗತಿಯ ಒಂದು ಹುಡುಗಿಯ ಅಜ್ಜಿ. ನಾನು ಮಲಯಾಳದಲ್ಲಿ ಎಲ್ಲ ವಿವರಿಸಿ, ಮತ್ತೆ ಅವರಿಗಾಗಿ ಕನ್ನಡದಲ್ಲೂ ಹೇಳಿದೆ. ಅಜ್ಜಿ ಎಲೆಯಡಿಕೆ ಜಗಿಯುವುದು ನಿಲ್ಲಿಸಿ ಕೇಳಿದಳು:

"ಟೀಚರವ್ವಾ, ನೀವು ಬರ್ದಿರೋ ಸಮಯ ಆನೆಗೊಳ್ಗೆ ಗೊತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ.

"ನಗ್ಬ್ಯಾಡಿ. ಐದಕ್ಕೆ ಕ್ಲಾಸು ಬಿಟ್ರೆ ಜೀಪು ಮೊದ್ಲು ಕೆಳಗ್ಲೋರ್ನ ಬಿಟ್ಟು ಬಂದು, ಆಮೇಲೆ ನಮ್ಮ ಕುಟ್ಟಿಗಳ್ನ ಹತ್ತಿಸ್ಕಂಡು ಮೇಲಕ್ಕೆ ಬರೋ ಹೊತ್ಗೆ ಆರು ದಾಟ್ತದೆ. ಆ ಹೊತ್ಗೇ ಅವು ಹಳ್ಳಕ್ಕೆ ಇಳಿಯಾದು. ಈಗ ಮರಿ ಬೇರೆ ಅವೆ. ಪಣಿ ಮುಗಿಸ್ಕಂಡು ಬರೋ ನಾವೇ ಆ ಹೊತ್ನಲ್ಲಿ ಆ ದಾರಿ ತುಳಿಯಾಕಿಲ್ಲ. ಈಗ ಐದಕ್ಕೆ ಜೀಪು ಹತ್ತಿಸ್ತೀರಲ್ಲ, ಅದೇ ನಮ್ಗೆ ಪೇಡಿ."

ಪಣಿ ಎಂದರೆ ಕೆಲಸ, ಪೇಡಿ ಎಂದರೆ ಭಯ. ನನಗೆ ಮುಖ ಎತ್ತಲಾಗಲಿಲ್ಲ. ನಾಲ್ಕು ಬಣ್ಣದ ಪೆನ್ನು ಹಿಡಿದು ಇಡೀ ಭಾನುವಾರ ಕೂತವಳು ಜೀಪು ಕಾಡಿಗೆ ಎಷ್ಟು ಗಂಟೆಗೆ ಹೋಗುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮರುದಿನ ಸ್ಟಾಫ್ ರೂಮಿಗೆ ಹೋಗಿ ಚಾರ್ಟನ್ನು ಗೋಡೆಯಿಂದ ಬಿಡಿಸಿದೆ. "ನಾನು ಮಾಡಿದ್ದು ತಪ್ಪು. ನಿಮ್ಮನ್ನು ಕೇಳಬೇಕಿತ್ತು," ಎಂದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅಂಥ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಯಾರಾದರೂ ಚುಚ್ಚುತ್ತಾರೆ ಎಂದು ಕಾದೆ. ಮಾಷ್ ಒಂದು ನೋಟ್ ಪುಸ್ತಕದ ಹಾಳೆ ಹರಿದು ಎಂಟು ಚೀಟಿ ಮಾಡಿದರು.

"ಏನು ಮಾಡಬಲ್ಲಿರಿ ಎಂದು ಕೇಳಿದರೆ ಎಲ್ಲರೂ ನಾಚಿಕೆಗೆ ಹೆಚ್ಚು ಹೇಳಿಬಿಡುತ್ತಾರೆ. ಯಾವುದು ಆಗುವುದೇ ಇಲ್ಲ, ಅದನ್ನು ಮಾತ್ರ ಬರೆಯಲಿ. ಟೀಚರೇ, ನೀವೂ ಬರೆಯಿರಿ," ಎಂದರು.

ಆ ಚೀಟಿಗಳನ್ನು ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು, ಮಾಷ್ ಇಬ್ಬರೂ ಕೂತು ಓದಿದೆವು. ಹಿಂದಿ ಟೀಚರ್ ಬರೆದಿದ್ದರು: 'ಸೋಮವಾರ, ಗುರುವಾರ ಸಂಜೆ ಆಗುವುದಿಲ್ಲ. ಗಂಡನಿಗೆ ಮಾನಂದವಾಡಿಯಲ್ಲಿ ಡಯಾಲಿಸಿಸ್.' ಅವರು ಆ ದಿನಗಳಲ್ಲಿ ಸಂಜೆ ಅವಸರ ಮಾಡುವುದನ್ನು ಕಂಡು ನಾನು ಮನಸ್ಸಿನಲ್ಲೇ ಬೇರೆ ಏನೋ ಅಂದುಕೊಂಡಿದ್ದೆ. ಆ ವರ್ಷವಷ್ಟೇ ಬಂದಿದ್ದ ತಾತ್ಕಾಲಿಕ ಟೀಚರ್, ಎಲ್ಲರಿಗಿಂತ ಚಿಕ್ಕವಳು, ಬರೆದಿದ್ದಳು: 'ಸಂಜೆ ಒಂದು ದಿನವೂ ಆಗುವುದಿಲ್ಲ. ಮಗುವಿಗೆ ಇನ್ನೂ ಹಾಲೂಡಿಸುತ್ತಿದ್ದೇನೆ. ಬೆಳಿಗ್ಗೆ ನನ್ನ ಬಸ್ಸು ಎಂಟೂ ಇಪ್ಪತ್ತಕ್ಕೇ ಇಲ್ಲಿ ಬಿಡುತ್ತದೆ, ಮುಂದಿನ ಬಸ್ಸು ಹಿಡಿದರೆ ಗಂಟೆ ಬಾರಿಸಿರುತ್ತದೆ.' ಇನ್ನೊಬ್ಬರು ಬರೆದದ್ದು ಒಂದೇ ಸಾಲು: 'ನನಗೆ ಆಗದ್ದು ಏನೂ ಇಲ್ಲ, ಕೇಳದೆ ಹೆಸರು ಹಾಕಿದ್ದಕ್ಕೆ ಬೇಸರವಾಗಿತ್ತು.'

ಮಾಷ್ ತಮ್ಮ ಚೀಟಿಯನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದರು. 'ಬೆಳಿಗ್ಗೆ ಎಂಟರಿಂದ ಒಂಬತ್ತು ಆಗುವುದಿಲ್ಲ. ಅಮ್ಮನಿಗೆ ನೆನಪು ಹೋಗಿದೆ. ನಾನು ತಿನ್ನಿಸಿದರೆ ಮಾತ್ರ ತಿನ್ನುತ್ತಾರೆ.'

ಎರಡು ತಿಂಗಳಿಂದ ಇವರ ಜೊತೆ ಒಂದೇ ಸೂರಿನ ಕೆಳಗೆ ಚಹಾ ಕುಡಿದಿದ್ದೆ. ಎಂಟು ಚೀಟಿ ಮೇಜಿನ ಮೇಲೆ ಇದ್ದವು. ಇಷ್ಟೆಲ್ಲ ಹೊತ್ತುಕೊಂಡು ಇವರು ದಿನಾ ಹತ್ತು ಗಂಟೆಗೆ ತಲೆ ಬಾಚಿ, ಇಸ್ತ್ರಿ ಬಟ್ಟೆ ಹಾಕಿ ಮಕ್ಕಳ ಮುಂದೆ ಹೇಗೆ ನಿಲ್ಲುತ್ತಾರೆ ಎಂದು ನನಗೆ ಬೆರಗಾಯಿತು. ದೇವಸ್ಥಾನದೊಳಗೆ ಕಾಲಿಟ್ಟಾಗ ತಾನಾಗಿ ದನಿ ತಗ್ಗುತ್ತದಲ್ಲ, ಹಾಗೆ ನನ್ನ ದನಿ ತಗ್ಗಿತು.

ಮಾಷ್ ಚೀಟಿಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಮೇಲಿನ ಹಾಡಿಯ ಮಕ್ಕಳು ಎಂಟೂವರೆಗೇ ಬಂದು ಕೂತಿರುತ್ತಾರಲ್ಲವೇ? ಈ ಹೊಸ ಟೀಚರ್ ಹುಡುಗಿಯೂ ಎಂಟೂ ಇಪ್ಪತ್ತಕ್ಕೆ ಬಂದು ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತಿರುತ್ತಾಳೆ. ಇವಳನ್ನು ಆ ಮಕ್ಕಳ ಹತ್ತಿರ ಕಳಿಸಿದರೆ?"

ಅಷ್ಟೇ. ಮೇಲಿನ ಹಾಡಿಯವರಿಗೆ ಹೆಚ್ಚುವರಿ ಪಾಠ ಬೆಳಿಗ್ಗೆ, ಸಂಜೆ ನಾಲ್ಕಕ್ಕೆ ಜೀಪಿನಲ್ಲಿ ಅವರೇ ಮೊದಲು ಮನೆಗೆ. ಅವರನ್ನು ಬಿಟ್ಟು ಜೀಪು ತಿರುಗಿ ಬರುವವರೆಗೆ ಕೆಳಗಿನ ಹಾಡಿಯವರಿಗೆ ಪಾಠ. ಮೇಲಿನವರು ಮೊದಲಿಗಿಂತ ಒಂದು ಗಂಟೆ ಬೇಗ ಕಾಡು ದಾಟುತ್ತಾರೆ. ಬೆಳಗಿನ ಆ ಒಂದೂವರೆ ಗಂಟೆ ದಿನಾ ನನ್ನ ಕಣ್ಣೆದುರೇ ಜಗಲಿಯ ಮೇಲೆ ಕೂತಿತ್ತು. ನಾನು ಸಂಜೆಯಲ್ಲಿ ಹುಡುಕುತ್ತಿದ್ದೆ.

"ಆದರೆ ಇದಕ್ಕೆ ಡ್ರೈವರ್ ಒಪ್ಪಬೇಕು," ಎಂದರು ಮಾಷ್. "ಮೇಲೆ ಹೋಗಿ ಮತ್ತೆ ಕೆಳಗೆ ಬಂದು ಮತ್ತೆ ಮೇಲೆ ಹೋಗಬೇಕು ಅವನು."

ಅವನನ್ನು ಕರೆಸಿ ಕುರ್ಚಿ ಹಾಕಿದೆವು. ಆ ಕೋಣೆಯಲ್ಲಿ ಅವನು ಕೂತದ್ದು ಅದೇ ಮೊದಲು. ಕೇಳಿಸಿಕೊಂಡು ಸ್ವಲ್ಪ ಹೊತ್ತು ಕೀಲಿಗೊಂಚಲು ಆಡಿಸಿದ.

"ಕೊನೇ ಸಲ ನಾನೊಬ್ನೇ ತಾನೆ ಟೀಚರೇ? ದಾರೀಲಿ ಅವಿದ್ರೆ ಎಂಜಿನ್ ಆಫ್ ಮಾಡ್ಕಂಡು ಕೂತ್ಕತೀನಿ. ಗಾಡೀಲಿ ಮಕ್ಕಳಿದ್ರೇ ಎದೆ ಹೊಡ್ಕಳದು. ಇಷ್ಟು ವರ್ಷ ಹಂಗೇ ಹೊಡ್ಕಂಡಿದೀನಿ."

ಮಾಷ್ ಸುಮ್ಮನಾಗಲಿಲ್ಲ. ಒಪ್ಪಿಗೆ ಬರವಣಿಗೆಯಲ್ಲಿ ಇರಬೇಕೆಂದರು. ಸಭೆಯ ನಡಾವಳಿ ಪುಸ್ತಕದಲ್ಲಿ ತಮ್ಮ ಗುಂಡು ಅಕ್ಷರದಲ್ಲಿ ಒಂದೊಂದಾಗಿ ಬರೆದರು. ಯಾರು ಯಾವ ದಿನ, ಅವರು ಬಾರದಿದ್ದರೆ ಯಾರು. ಆನೆಯ ಸುದ್ದಿ ಇದ್ದ ಸಂಜೆ ಡ್ರೈವರ್ ಕಾಡಿಗೆ ಹೋಗದೆ ಕೆಳಗಿನ ಹಾಡಿಯ ತಂಗಿಯ ಮನೆಯಲ್ಲಿ ಉಳಿಯಬಹುದು. ಬೆಳಿಗ್ಗೆ ಬೇಗ ಬರುವ ಮಕ್ಕಳಿಗೆ ಗಂಜಿ ಬೇಕೆಂದು ಬಿಸಿಯೂಟದ ಅಡುಗೆಯಾಕೆ ತಾನಾಗಿ ಹೇಳಿದಳು, ಅದೂ ಸೇರಿತು. ಕೊನೆಗೆ ಬರೆದರು: 'ಯಾರು ಬೇಕಾದರೂ ಒಂದು ವಾರ ಮುಂಚೆ ತಿಳಿಸಿ ಹಿಂದೆ ಸರಿಯಬಹುದು. ಕಾರಣ ಕೇಳುವಂತಿಲ್ಲ.'

"ಇದು ಬೇಡ ಮಾಷ್," ಎಂದೆ. "ದಸರಾ ಹೊತ್ತಿಗೆ ಒಬ್ಬರೂ ಇರುವುದಿಲ್ಲ."

"ಬಾಗಿಲು ಹಾಕಿದ ಕೋಣೆಯಲ್ಲಿ ಕೂತವರಿಗೆ ಬಾಗಿಲ ಮೇಲೇ ಕಣ್ಣು ಟೀಚರೇ. ತೆಗೆದಿಡಿ."

ಅಡುಗೆಯಾಕೆ, ಡ್ರೈವರ್ ಸೇರಿ ಹತ್ತು ಜನ ಸಹಿ ಹಾಕಿದೆವು. ಮಾಷ್ ಬರೆದ ಹೊಸ ವೇಳಾಪಟ್ಟಿ ಗೋಡೆ ಏರಿತು. ಅದರಲ್ಲಿ ಬೆಳಿಗ್ಗೆ ಎಂಟೂವರೆಯಿಂದ ಎಂಟೂಮುಕ್ಕಾಲಿನವರೆಗೆ ಒಂದು ಚೌಕದಲ್ಲಿ ಯಾರ ಹೆಸರೂ ಇಲ್ಲ, ಅದರೊಳಗೆ 'ಆನೆ' ಎಂದು ಮಾತ್ರ ಬರೆದಿತ್ತು.

"ಇದೇನು?"

"ಅದು ಅವರ ಪೀರಿಯಡ್," ಎಂದರು ಮಾಷ್, ನಗದೆ.

ಮೊದಲ ಬೆಳಿಗ್ಗೆ ಡ್ರೈವರ್ ನನಗಾಗಿ ಬೇಗ ಇಳಿದು ಬಂದ, ನಾನೂ ಜೀಪಿನಲ್ಲಿ ಮೇಲಿನ ಹಾಡಿಗೆ ಹೋದೆ. ಮಕ್ಕಳನ್ನು ತುಂಬಿಕೊಂಡು ಇಳಿಯುವಾಗ ತಿರುವಿನಲ್ಲಿ ಡ್ರೈವರ್ ಎಂಜಿನ್ ನಿಲ್ಲಿಸಿದ. ಏನೆಂದು ಕೇಳುವಷ್ಟರಲ್ಲಿ ಬಿದಿರು ಅಲ್ಲಾಡಿತು. ಒಂದು ಹೆಣ್ಣಾನೆ ದಾರಿಗೆ ಬಂದು ನಿಂತಿತು. ಅದರ ಹಿಂದೆ ಇನ್ನೊಂದು, ನಡುವೆ ಎರಡು ಮರಿ. ಇಪ್ಪತ್ತು ಮಕ್ಕಳಲ್ಲಿ ಒಂದು ಮಗುವೂ ಉಸಿರು ಎತ್ತಲಿಲ್ಲ. ತರಗತಿಯಲ್ಲಿ ಐದು ನಿಮಿಷ ಸುಮ್ಮನಿರದ ಮಕ್ಕಳು! ನನ್ನ ಪಕ್ಕದಲ್ಲಿದ್ದ ಹುಡುಗಿ, ಆ ಅಜ್ಜಿಯ ಮೊಮ್ಮಗಳು, ನನ್ನ ಮೊಣಕೈ ಮೇಲೆ ಕೈ ಇಟ್ಟಳು, ಹೆದರಬೇಡ ಎನ್ನುವ ಹಾಗೆ. ಚಿಕ್ಕ ಮರಿ ದಾರಿಯ ನಡುವೆ ಬಿದ್ದ ಏನನ್ನೋ ಸೊಂಡಿಲಿನಿಂದ ಮುಟ್ಟಿ ನೋಡಿತು. ತಾಯಿ ಅದನ್ನು ಮೆಲ್ಲಗೆ ತಳ್ಳಿಕೊಂಡು ಹೋಯಿತು. ಬಿದಿರು ಮತ್ತೆ ಮುಚ್ಚಿಕೊಂಡಿತು. ನಾವು ಹನ್ನೆರಡು ನಿಮಿಷ ತಡವಾಗಿ ಶಾಲೆ ಮುಟ್ಟಿದೆವು. ಪಾಠ ಸರಿಯಾದ ಹೊತ್ತಿಗೇ ಶುರುವಾಯಿತು.

ಎರಡು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಆಮೇಲೆ ಆ ಚಿಕ್ಕ ಟೀಚರ್ ನನ್ನ ಮುಂದೆ ನಿಂತು, "ಮುಂದಿನ ವಾರದಿಂದ ನನಗೆ ಆಗುವುದಿಲ್ಲ," ಎಂದಳು. ಕಣ್ಣು ಕೆಂಪಾಗಿತ್ತು. ಕಾರಣ ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಬೆಳಗಿನ ಪಾಠದಲ್ಲಿ ಹೆಚ್ಚು ದಿನ ಅವಳದೇ. ಎಲ್ಲ ಮುಗಿಯಿತು, ಇನ್ನು ಒಬ್ಬೊಬ್ಬರೇ ಜಾರುತ್ತಾರೆ ಎಂದುಕೊಂಡೆ. ಸಂಜೆ ಬೀಗ ಹಾಕಲು ಸ್ಟಾಫ್ ರೂಮಿಗೆ ಹೋದಾಗ ಚಾರ್ಟಿನಲ್ಲಿ ಅವಳ ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಮೂರು ಹೆಸರುಗಳಿದ್ದವು. ಒಂದು ಹಿಂದಿ ಟೀಚರದು. ಆ ಮನೆಯ ಕಷ್ಟ ನನಗೆ ಗೊತ್ತಿತ್ತಲ್ಲ. ಯಾರೂ ಸಭೆ ಕರೆದಿರಲಿಲ್ಲ, ಯಾರೂ ಯಾರನ್ನೂ ಕೇಳಿರಲಿಲ್ಲ. ಹೋಗಬಹುದು ಎಂದು ಬರೆದಿಟ್ಟ ಕಡೆ ಜನ ಹೀಗೆ ಬಂದು ನಿಲ್ಲುತ್ತಾರೆ ಎಂಬುದು ನನಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ.

ಚಿಕ್ಕ ಟೀಚರ್ ಮೂರು ವಾರ ಬಿಟ್ಟು ತಾನಾಗಿ ಬೆಳಗಿನ ಪಾಠಕ್ಕೆ ಮರಳಿದಳು. ಮಗುವಿಗೆ ನ್ಯುಮೋನಿಯಾ ಆಗಿತ್ತಂತೆ, ಅವಳೇ ಹೇಳಿದಳು.

ಜನವರಿಯ ಒಂದು ಬೆಳಿಗ್ಗೆ ಅವಳ ತರಗತಿಯ ಹಿಂದೆ ಹೋಗಿ ಕೂತೆ. ಅಜ್ಜಿಯ ಮೊಮ್ಮಗಳು ಎದ್ದು ಮಲಯಾಳ ಪುಸ್ತಕ ಹಿಡಿದು ಓದಿದಳು. ಒಂದು ಸಾಲು ಓದುವುದು, ಅದನ್ನೇ ಪಕ್ಕದವರಿಗೆ ತಮ್ಮ ಮಾತಿನಲ್ಲಿ ಹೇಳುವುದು. ಹಾಗೆ ಮಾಡು ಎಂದು ಯಾರೂ ಕಲಿಸಿರಲಿಲ್ಲವಂತೆ. ಪುಸ್ತಕದಲ್ಲಿದ್ದದ್ದು ಮಳೆಯ ಮೇಲಿನ ಯಾವುದೋ ಸಾಮಾನ್ಯ ಪಾಠ. ಅವಳ ಬಾಯಲ್ಲಿ ಅದು ನನಗೆ ಎರಡು ಸಲ ಅರ್ಥವಾಯಿತು, ಒಮ್ಮೆ ನಾನು ಓದಿ ಬೆಳೆದ ಭಾಷೆಯಲ್ಲಿ, ಇನ್ನೊಮ್ಮೆ ಸರಿಸುಮಾರು ನಮ್ಮ ಅಡುಗೆಮನೆಯ ಭಾಷೆಯಲ್ಲಿ.

ವರ್ಷ ಮುಗಿಯುವಾಗ ಮೇಲಿನ ಹಾಡಿಯ ಮಕ್ಕಳಲ್ಲಿ ಮೂವರಿಗೆ ಇನ್ನೂ ಓದಲು ಬರುತ್ತಿರಲಿಲ್ಲ. ಒಬ್ಬ ಹುಡುಗ ಬರುವುದನ್ನೇ ಬಿಟ್ಟಿದ್ದ. ಆ ನಾಲ್ಕು ಹೆಸರುಗಳನ್ನು ಮೇಜಿನ ಮೇಲಿಟ್ಟುಕೊಂಡು ಮಾರ್ಚಿನ ಕೊನೆಯ ದಿನ ನಾವೆಲ್ಲ ಮತ್ತೆ ಕೂತೆವು. ಮಾಷ್ ಪೆನ್ನಿನ ಮುಚ್ಚಳ ತೆಗೆದರು. ಡ್ರೈವರ್ ಈ ಸಲ ಯಾರೂ ಕರೆಯುವ ಮೊದಲೇ ಕುರ್ಚಿ ಎಳೆದುಕೊಂಡು ಕೂತಿದ್ದ.