ಅಪ್ಪ ಹಾಕಿದ ಸೈನು

ನೇವಿಗೆ ಯಾಕೋ ಹೋಗ್ಲಿಲ್ಲ ಅಂತ ಯಾರು ಕೇಳಿದ್ರೂ ನನ್ನ ಹತ್ರ ಒಂದೇ ರೆಡಿಮೇಡ್ ಉತ್ತರ ಇತ್ತು. 'ಅಪ್ಪ ಸೈನ್ ಹಾಕ್ಲಿಲ್ಲ.' ಕೇಳಿದವರು ಪಾಪ ಅಂತ ತಲೆ ಆಡಿಸಿ ಸುಮ್ನಾಗೋರು. ಅದು ಶುದ್ಧ ಸುಳ್ಳು. ಅಪ್ಪ ಸೈನ್ ಹಾಕಿದ್ದರು, ಕೆಳಗೆ ತಾರೀಖು ಕೂಡ ಬರೆದಿದ್ದರು.

ನಾವಿರೋದು ಶೆಟ್ಟಿಹಳ್ಳಿಯಲ್ಲಿ, ಬಾಡಿಗೆ ಮನೆ. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ಪೀಣ್ಯದ ಫ್ಯಾಕ್ಟರಿಯಲ್ಲಿ ಲೇತ್ ಹಿಡಿದವರು. ಇಷ್ಟು ವರ್ಷ ಆದರೂ ಅವರ ಬಾಯಲ್ಲಿ ಬೆಂಗಳೂರಿನ ಮಾತು ಹೊರಳಲ್ಲ. ನಾನೋ, ಇಲ್ಲೇ ಹುಟ್ಟಿ ಇಲ್ಲೇ ಕೆಟ್ಟವನು. ಪಿಯುಸಿ ಮುಗಿದ ವರ್ಷ ನಾನೂ ನಮ್ಮ ಬೀದಿಯ ಗೆಳೆಯನೊಬ್ಬನೂ ನೇವಿಯ ಅಗ್ನಿವೀರ್ ಭರ್ತಿಗೆ ಅರ್ಜಿ ಹಾಕಿದ್ವಿ. ಬೆಳಗಾಗೆದ್ದು ಕೆರೆ ಏರಿ ಮೇಲೆ ಓಡಿದ್ದೇ ಓಡಿದ್ದು. ಬಸ್ಕಿ ಹೊಡೆದು ಹೊಡೆದು ಮೆಟ್ಟಿಲು ಇಳಿಯೋಕೂ ಗೋಡೆ ಹಿಡ್ಕೋಬೇಕಿತ್ತು. ಇಬ್ಬರೂ ಎಲ್ಲದರಲ್ಲೂ ಪಾಸಾದ್ವಿ. ಕೊನೇ ಪಟ್ಟಿ ಬರೋದು ಮಾತ್ರ ತಡ ಆಯ್ತು.

ಆ ಮಧ್ಯೆ ನನಗೆ ಯಲಹಂಕದ ಒಂದು ಕಾಲೇಜಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ತು. 'ಯಾವುದಕ್ಕೂ ಒಂದು ಸೀಟು ಹಿಡ್ಕೊಂಡಿರು' ಅಂತ ಬೀದಿಗೆ ಬೀದಿಯೇ ಹೇಳ್ತು. ಹಿಡ್ಕೊಂಡೆ. ಮಾರ್ಕ್ಸ್ ಕಾರ್ಡು, ಟಿಸಿ ಎಲ್ಲಾ ಒರಿಜಿನಲ್ಲೇ ಕಾಲೇಜಿನ ಕಪಾಟಿಗೆ ಹೋಯ್ತು. ನಾನು ಮಹಾ ಬುದ್ಧಿವಂತ ಅಂದ್ಕೊಂಡು ಓಡಾಡ್ತಿದ್ದೆ. ಮೂರು ತಿಂಗಳಾದ ಮೇಲೆ ನೇವಿಯಿಂದ ಕರೆ ಬಂತು. ಒಡಿಶಾದ ಚಿಲ್ಕಾದಲ್ಲಿ ಟ್ರೈನಿಂಗು, ಇಂಥ ದಿನ ಹಾಜರಾಗಬೇಕು, ಒರಿಜಿನಲ್ಸ್ ತರಬೇಕು. ಕಾಲೇಜಿನ ಆಫೀಸಲ್ಲಿ ಕೇಳಿದ್ರೆ, ಕೌಂಟರಿನ ಮೇಡಂ ತಲೆ ಎತ್ತದೇ ಹೇಳಿದ್ರು: "ಸೀಟು ಕ್ಯಾನ್ಸಲ್ ಅಂತ ಲೆಟರ್ ಬರ್ಕೊಂಡು, ತಂದೆ ಸೈನ್ ಹಾಕಿಸ್ಕೊಂಡು ಬಾ. ಆವತ್ತೇ ಕೊಟ್ಬಿಡ್ತೀವಿ. ಮತ್ತೆ ವಾಪಸ್ ಬಂದು ಸೀಟು ಕೊಡಿ ಅಂದ್ರೆ ಇರಲ್ಲಪ್ಪ."

ಲೆಟರ್ ಬರೆದು ಅಪ್ಪನ ಮುಂದೆ ಇಟ್ಟೆ. ಅವರು ಎರಡು ಸಲ ಓದಿದರು.

"ನಾಕ ವರ್ಷ ಆದಮ್ಯಾಲ ಎಲ್ಲಾರನ್ನೂ ಇಟ್ಕೊಳ್ಳೂದಿಲ್ಲಂತ. ಮನೀಗ್ ಕಳಿಸಿದ್ರ ಏನ್ ಮಾಡಾಂವ? ಡಿಗ್ರಿ ಮುಗಿಸಿ ಆಫೀಸರ್ ಆಗಿ ಹೋಗಾಕ ಬರೂದಿಲ್ಲೇನು?"

"ನಿಮಗೆ ನನ್ನ ಮೇಲೆ ನಂಬಿಕೆನೇ ಇಲ್ಲ!" ಅಂತ ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅಡುಗೆಮನೆಯಿಂದ ಅವ್ವ ಇಣುಕಿ ನೋಡಿ ಒಳಗೆ ಹೋದಳು. ಅಪ್ಪ ಪ್ರಶ್ನೆ ಕೇಳಿದ್ದಕ್ಕಲ್ಲ ನನ್ನ ಸಿಟ್ಟು. ಅದೇ ಪ್ರಶ್ನೆ ಒಂದು ವಾರದಿಂದ ನನ್ನ ತಲೆ ಕೊರೀತಿತ್ತು, ಉತ್ತರ ಇರಲಿಲ್ಲ.

ಮರುದಿನ ಅಪ್ಪ ಫಸ್ಟ್ ಶಿಫ್ಟಿಗೆ ಹೋಗೋ ಮುಂಚೆ ಲೆಟರಿಗೆ ಸೈನ್ ಹಾಕಿ, ಹಾರಬಾರದು ಅಂತ ಮೇಲೆ ಒಂದು ಲೋಟ ಇಟ್ಟಿದ್ದರು. ಚಪ್ಪಲಿ ಮೆಟ್ಟುತ್ತಾ, "ನಂದೇನ್ ತಕರಾರಿಲ್ಲಪ. ನೀನ ವಿಚಾರ ಮಾಡು" ಅಂದರು.

ಅಯ್ಯೋ, ಆ ಮಾತು ನನ್ನ ಲೆಕ್ಕದಲ್ಲೇ ಇರಲಿಲ್ಲ. ಅಪ್ಪ ಬೇಡ ಅಂತಾರೆ, ನಾನು ಕೂಗಾಡ್ತೀನಿ, ಅಲ್ಲಿಗೆ ಮುಗೀತು ಅಂತ ಒಳಗೊಳಗೇ ನಂಬಿದ್ದೆ. ತಡೀಬೇಕಾಗಿದ್ದ ಮನುಷ್ಯ ದಾರಿ ಬಿಟ್ಟು ನಿಂತುಬಿಟ್ಟರು.

ಕಾಲೇಜಿಗೆ ಹೋದೆ. ಕೌಂಟರಲ್ಲಿ ನನ್ನ ಸರದಿ ಬಂತು. ಲೆಟರು ಬ್ಯಾಗಲ್ಲಿತ್ತು. "ಏನಪ್ಪಾ?" ಅಂದರು ಮೇಡಂ. ನನ್ನ ಬಾಯಿಂದ ಬಂದದ್ದು, "ಬಸ್ ಪಾಸಿಗೆ ಬೋನಫೈಡ್ ಬೇಕಿತ್ತು ಮೇಡಂ." ಐದೇ ನಿಮಿಷ. ಇವನು ನಮ್ಮ ಕಾಲೇಜಿನ ವಿದ್ಯಾರ್ಥಿ ಅಂತ ಸೀಲು ಒತ್ತಿ ಕೊಟ್ಟರು. ಥೂ, ನನ್ನ ಜನ್ಮಕ್ಕಿಷ್ಟು.

ಮಧ್ಯಾಹ್ನ ಗೆಳೆಯ ಫೋನ್ ಮಾಡಿದ. "ಟಿಸಿ ಸಿಕ್ತಾ ಮಗಾ? ಟ್ರೈನ್ ಬುಕ್ ಮಾಡ್ಬೇಕು."

"ಇಲ್ಲ ಕಣೋ. ಅಪ್ಪ ಸೈನ್ ಹಾಕ್ಲಿಲ್ಲ."

ಸಂಜೆ ಅಪ್ಪ ಬಂದಾಗ, "ಓದ್ತೀನಿ ಬಿಡಿ" ಅಂದೆ ಅಷ್ಟೇ. "ಶ್ಯಾಣ್ಯಾ ಆದಿ" ಅಂತ ಬೆನ್ನು ತಟ್ಟಿದರು. ಚೆನ್ನಾಗಿ ಯೋಚನೆ ಮಾಡಿ ನಿರ್ಧಾರ ತಗೊಂಡಿದ್ದಾನೆ ಮಗ ಅಂತ ಅವರ ಲೆಕ್ಕ.

ಈಗ ಕೊನೇ ಸೆಮಿಸ್ಟರು. ಅಗ್ನಿವೀರ್ ವಯಸ್ಸು ದಾಟಿ ಹೋಗಿದೆ. ಹೋದ ತಿಂಗಳು ಗೆಳೆಯ ರಜೆ ಮೇಲೆ ಬಂದಿದ್ದ. ಕತ್ತು ದಪ್ಪ ಆಗಿದೆ, ನಡಿಗೆ ಬದಲಾಗಿದೆ. ಅವನನ್ನ ನೇವಿ ಉಳಿಸ್ಕೊಳ್ಳುತ್ತೋ ಇಲ್ವೋ ಅವನಿಗೂ ಗೊತ್ತಿಲ್ಲ. ಆದ್ರೂ ನಮ್ಮನೇಲಿ ರೊಟ್ಟಿ ಎಣ್ಣೆಗಾಯಿ ತಿನ್ತಾ ನಗ್ತಾನೇ ಇದ್ದ. ತಮಾಷೆಗೇ ಅಂದ, "ಅಂಕಲ್, ಅವತ್ತು ನೀವೊಂದು ಸೈನ್ ಹಾಕಿದ್ದಿದ್ರೆ ಇವನೂ ನನ್ ಜೊತೆ ಇರ್ತಿದ್ದ ನೋಡಿ."

ಅಪ್ಪ ನನ್ನ ಕಡೆ ನೋಡಿದರು. ನಾನು ತಟ್ಟೆ ನೋಡಿದೆ.

"ಹೌದಪ," ಅಂದರು ಅವನಿಗೆ. "ನನಗ ಧೈರ್ಯ ಸಾಲಲಿಲ್ಲ." ಆಮೇಲೆ ಅವ್ವನ್ನ ಕರೆದು ಅವನಿಗೆ ಇನ್ನೊಂದು ರೊಟ್ಟಿ ಹಾಕಿಸಿದರು.

ಅವನು ಹೋದ ಮೇಲೆ ಬೈತಾರೆ ಅಂತ ಕಾದೆ. ಬೈಲಿಲ್ಲ. ನಾಚಿಕೆಯಿಂದ ಎರಡು ದಿನ ನಾನೇ ಅವರ ಕಣ್ಣಿಗೆ ಬೀಳದ ಹಾಗೆ ಓಡಾಡಿದೆ.

ಮೊನ್ನೆ ಭಾನುವಾರ ಬೆಳಗ್ಗೆ ನೇವಿ ಆಫೀಸರ್ ಭರ್ತಿಯ ಫಾರ್ಮು ತುಂಬ್ತಾ ಕೂತಿದ್ದೆ. ಆನ್‌ಲೈನು. ಬಿಳಿ ಹಾಳೆ ಮೇಲೆ ಸೈನ್ ಮಾಡಿ, ಅದರ ಫೋಟೋ ಹಾಕಬೇಕು. ಅಪ್ಪ ಚಾ ಹಿಡ್ಕೊಂಡು ಪಕ್ಕಕ್ಕೆ ಬಂದು ಕೂತರು. ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ ಕೇಳಿದರು, "ಇದಕ್ಕ ನಂದೂ ಸೈನ್ ಬೇಕೇನು?"

ದನಿಯಲ್ಲಿ ಕುಹಕ ಇದ್ದಿದ್ರೆ ತಿರುಗಿ ಏನಾದ್ರೂ ಅಂತಿದ್ದೆ. ಇರಲಿಲ್ಲ. ನಿಜವಾಗಿಯೂ ತಿಳ್ಕೊಳ್ಳೋಕೆ ಕೇಳಿದ್ದು.

"ಬೇಡ ಅಪ್ಪ. ನಂದೊಂದೇ ಸಾಕು."

"ಹಂಗಾದ್ರ ಚಲೋ ಆತು," ಅಂತ ಎದ್ದು ಖಾಲಿ ಕಪ್ಪು ಒಳಗಿಡೋಕೆ ಹೋದರು.

ಶುಕ್ರವಾರ ಕೊನೇ ದಿನ. ಇವತ್ತು ಬುಧವಾರ. ಸೈನ್ ಇಲ್ಲದ ಬಿಳಿ ಹಾಳೆ ಇನ್ನೂ ಮೇಜಿನ ಮೇಲೇ ಇದೆ, ಹಾರಬಾರದು ಅಂತ ಯಾರೋ ಅದರ ಮೇಲೆ ಲೋಟ ಇಟ್ಟಿದ್ದಾರೆ.