ಅಜ್ಜಿಯನ್ನು ಎಬ್ಬಿಸಿದ ತಡೀರಿ ಮೇಡಂ

ವಾಕ್ ಮತ್ತು ಶ್ರವಣ ಚಿಕಿತ್ಸೆಯ ಕ್ಷೇತ್ರದಲ್ಲಿ ವೈದ್ಯರ ಹೆಸರು ಮೊದಲು ಕೇಳಿಬರುತ್ತದೆ, ಚಿಕಿತ್ಸಕರ ಹೆಸರು ಆಮೇಲೆ. ಆ ವೈದ್ಯರ ಮೇಜಿನ ಮೇಲಿನ ಕಂಪ್ಯೂಟರ್ ಇವತ್ತಿಗೂ ಹೇಗೆ ನಡೆಯುತ್ತಿದೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಯಾರಾದರೂ ಕೇಳಿದ್ದರೆ ನಮ್ಮ ಕೇಂದ್ರದ ಮಟ್ಟಿಗೆ ಉತ್ತರ ಒಂದೇ: ನೆಲಮಹಡಿಯ ಕೊನೆಯ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂರುವ ಗಣಕ ವಿಭಾಗದ ಮುಖ್ಯಸ್ಥೆ. ಬರುವ ತಿಂಗಳು ನಿವೃತ್ತರಾಗುತ್ತಿರುವ ಈ ಹಿರಿಯರನ್ನು ಕಡತಗಳು ಯಾವ ಹೆಸರಿನಿಂದ ಕರೆದರೂ ಕಾರಿಡಾರಿನಲ್ಲಿ ಅವರು 'ತಡೀರಿ ಮೇಡಂ'. ಯಾರು ಯಾವ ತೊಂದರೆ ಹೊತ್ತು ಬಂದರೂ ಅವರ ಬಾಯಿಂದ ಬರುವ ಮೊದಲ ಮಾತು ಅದೇ ಆದ್ದರಿಂದ ಈ ಬಿರುದು. ಕೊಟ್ಟವರು ನಾವು; ಗೊತ್ತಿದ್ದೂ ಗೊತ್ತಿಲ್ಲದವರಂತೆ ಇಷ್ಟು ವರ್ಷ ಹೊತ್ತವರು ಅವರು.

ಅವರು ಸೇವೆಗೆ ಸೇರಿದ ಕಾಲಕ್ಕೆ ಕೇಂದ್ರದಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅದಕ್ಕೊಂದು ಪ್ರತ್ಯೇಕ ಕೋಣೆ, ಕಸೂತಿ ಅಂಚಿನ ಹೊದಿಕೆ, ಒಳಗೆ ಹೋಗುವವರು ಚಪ್ಪಲಿ ಕಳಚಬೇಕೆಂಬ ಕಟ್ಟಳೆ. ಬೆರಳಚ್ಚಿನ ಕೆಲಸಕ್ಕೆಂದು ಬಂದ ಹುಡುಗಿ ಸೇರಿದ ಹೊಸದರಲ್ಲೇ ಆ ಹೊದಿಕೆ ಸರಿಸಿ, ಹಿಂಬದಿಯ ತಿರುಪು ಬಿಚ್ಚಿ, ಒಳಗಿನ ಧೂಳು ಒರೆಸತೊಡಗಿದ್ದನ್ನು ಕಂಡು ಅಂದಿನ ಲೆಕ್ಕಪಾಲಕರು ಎದೆ ಹಿಡಿದುಕೊಂಡರಂತೆ. "ಅಯ್ಯಯ್ಯೋ, ಕೈ ಹಾಕ್ಬೇಡಮ್ಮಾ! ನಿನ್ನ ಜನ್ಮ ಪೂರ್ತಿ ದುಡಿದ್ರೂ ತೀರೋದಲ್ಲ ಅದು!" ಹುಡುಗಿ ತಲೆ ಎತ್ತದೆ "ತಡೀರಿ ಸರ್, ಇನ್ನೊಂದು ತಿರುಪು" ಎಂದಳಂತೆ. ಆಗಾಗ ತಾನಾಗಿಯೇ ನಿಂತುಹೋಗುತ್ತಿದ್ದ ಯಂತ್ರ ಅಂದಿನಿಂದ ನಿಲ್ಲಲಿಲ್ಲ. ಲೆಕ್ಕಪಾಲಕರೇ ಮುಂದೆ ನಿಂತು ಆಕೆಯನ್ನು ಬೆರಳಚ್ಚಿನಿಂದ ಬಿಡಿಸಿ ಆ ಕೋಣೆಗೆ ಹಾಕಿಸಿದರು.

ಬೇರೆ ಕಚೇರಿಗಳಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಆಫ್ ಮಾಡಿ ಆನ್ ಮಾಡಿ ಎನ್ನುವುದು ರಾಮಬಾಣ. ಮೇಡಂ ಅವರಿಗೆ ಆ ಮಾತು ಕೇಳಿದರೇ ಆಗದು. "ಅಳೋ ಮಗೂನ ಬಾಯಿ ಮುಚ್ಚಿದ್ರೆ ಸುಮ್ಮನಾಗತ್ತೆ ಸರಿ, ಯಾಕೆ ಅತ್ತಿತ್ತು ಅಂತ ಗೊತ್ತಾಗೋದು ಬೇಡ್ವಾ?" ಎನ್ನುತ್ತಾರೆ. ಈ ತಾಳ್ಮೆ ಮನೆಯಲ್ಲೂ ಹೀಗೆಯೇ ಎಂದು ನಾವು ನಂಬಿದ್ದೆವು. ಅವರ ಮಗಳು ಒಮ್ಮೆ ಕಚೇರಿಗೆ ಬಂದವಳು, "ಹಾಲು ಉಕ್ತಾ ಇದ್ರೂ ನಮ್ಮಮ್ಮ ತಡೀರಿ ಅಂತಾರೆ, ಒಲೆ ಒರೆಸೋಳು ನಾನು" ಎಂದು ಗುಟ್ಟು ರಟ್ಟು ಮಾಡಿ ಹೋದಳು.

ಕಂಪ್ಯೂಟರನ್ನು ಕಂಡರೆ ಬೆವರುತ್ತಿದ್ದ ನಮ್ಮ ಹಿರಿಯ ಶ್ರವಣ ತಜ್ಞರ ಪಕ್ಕದಲ್ಲಿ ಮೇಡಂ ಒಂದು ಇಡೀ ಬೇಸಿಗೆ ಊಟದ ಬಿಡುವಿನಲ್ಲಿ ಕೂರುತ್ತಿದ್ದರು. ಕೇಳಿದವರಿಗೆಲ್ಲ, "ಅವರ ಹತ್ರ ಕಿವಿ ಪರೀಕ್ಷೆ ಹೇಗೆ ಮಾಡೋದು ಅಂತ ಕಲೀತಿದ್ದೀನಿ" ಎನ್ನುತ್ತಿದ್ದರು. ಮಳೆಗಾಲ ಹಿಡಿಯುವ ಹೊತ್ತಿಗೆ ತಜ್ಞರು ಎರಡು ಕೈಯ ಬೆರಳುಗಳಿಂದ ಲೀಲಾಜಾಲವಾಗಿ ವರದಿ ಬರೆಯುತ್ತಿದ್ದರು. ಗುರು ಯಾರು, ಶಿಷ್ಯ ಯಾರು ಎಂದು ನಮ್ಮಲ್ಲಿ ಯಾರೂ ಕೆದಕಲಿಲ್ಲ. ಕೆದಕಿದ್ದರೆ ಮೇಡಂ ನಮ್ಮ ಚರ್ಮ ಸುಲಿಯುತ್ತಿದ್ದರು.

ಇಷ್ಟೆಲ್ಲ ಹೇಳಿದರೂ ಅವರನ್ನು ಕುರಿತು ಬರೆಯುವ ಯಾರೂ ಅಜ್ಜಿಯ ಪ್ರಸಂಗವನ್ನು ಬಿಡುವಂತಿಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆ ಕಳೆದುಕೊಳ್ಳಲಿರುವವರ ದನಿಯನ್ನು ಮೊದಲೇ ಮುದ್ರಿಸಿಕೊಂಡು, ಅಕ್ಷರ ಅಕ್ಷರವಾಗಿ ಬಿಡಿಸಿ, ಆಮೇಲೆ ಅವರು ಟೈಪ್ ಮಾಡಿದ್ದನ್ನು ಅವರದೇ ದನಿಯಲ್ಲಿ ನುಡಿಸುವ ಒಂದು ಪ್ರೋಗ್ರಾಂ ನಮ್ಮಲ್ಲಿದೆ. ಅದನ್ನು ಮಾಡಿದವರು ಅಂಗಡಿ ಮುಚ್ಚಿ ಯಾವ ಕಾಲವಾಯಿತೋ. ಹಳೆಯ ಆಪರೇಟಿಂಗ್ ಸಿಸ್ಟಂ ಬಿಟ್ಟು ಬೇರೆಲ್ಲೂ ಅದು ಕಣ್ಣು ಬಿಡುವುದಿಲ್ಲ. ಆದ್ದರಿಂದ ಮೇಡಂ ಕಂಪ್ಯೂಟರಿನೊಳಗೇ ಇನ್ನೊಂದು ಹಳೆಯ ಕಂಪ್ಯೂಟರ್ ಇರುವಂತೆ ತೋರಿಸುವ ತಂತ್ರಾಂಶ ಹಾಕಿ, ಒಂದು ವರ್ಚುವಲ್ ಮೆಷೀನ್ ಕಟ್ಟಿ ಕೊಟ್ಟರು. ಅದೇನೆಂದು ನಾವು ಕೇಳಿದಾಗ, "ಹೊಸ ಮನೇಲಿ ಅಜ್ಜಿಗೆ ಅಂತ ಒಂದು ಹಳೇ ಕೋಣೆ. ಹೊರಗೆ ಕಾಲ ಬದಲಾಗಿದೆ ಅಂತ ಅಜ್ಜಿಗೆ ಗೊತ್ತಾಗಬಾರದು, ಅಷ್ಟೇ" ಎಂದರು. ಅಲ್ಲಿಂದ ಅದು ಅಜ್ಜಿಯೇ ಆಯಿತು.

ಅಜ್ಜಿ ಏಳುವುದು ಬಹಳ ನಿಧಾನ. ಹೀಗಾಗಿ ಸಂಜೆ ಅದನ್ನು ಪೂರ್ತಿ ಮುಚ್ಚುವವರೇ ಇರಲಿಲ್ಲ. ಕೆಲಸ ತೆರೆದಿದ್ದಂತೆಯೇ ಯಂತ್ರವನ್ನು ನಿದ್ದೆಗೆ ತಳ್ಳುವ ಸೌಕರ್ಯವೊಂದಿತ್ತು. ಮರುದಿನ ಎಬ್ಬಿಸಿದರೆ ಬಿಟ್ಟ ಸಾಲಿನಿಂದಲೇ ಮುಂದುವರಿಯಬಹುದು. "ಅಜ್ಜೀನ ಮಲಗಿಸಿ ಬಂದೆ" ಎನ್ನುವುದು ನಮ್ಮಲ್ಲಿ ಮನೆಗೆ ಹೊರಟೆ ಎಂಬುದಕ್ಕೆ ಪರ್ಯಾಯ ಮಾತಾಗಿತ್ತು.

ಆ ಸಲ ದನಿ ಕೊಡಲು ಬಂದವರು ಕಾರು ಕಲಿಸುವ ಮೇಷ್ಟ್ರು. ಜೀವಮಾನವಿಡೀ ಪಕ್ಕದ ಸೀಟಿನಲ್ಲಿ ಕೂತು ಬ್ರೇಕು ಬ್ರೇಕು ಎಂದು ಕೂಗಿದ ಗಂಟಲು ಅದು. ಗಾಳಿಯಾಡದ ಧ್ವನಿಮುದ್ರಣ ಕೋಣೆಯಲ್ಲಿ ಕೂತು ನಮ್ಮ ವಾಕ್ ಥೆರಪಿಸ್ಟ್ ಕೊಟ್ಟ ವಾಕ್ಯಗಳನ್ನು ಅವರು ಮಧ್ಯಾಹ್ನಗಟ್ಟಲೆ ಓದಿದರು. ಹೊರಗಿನ ಬೆಂಚಿನಲ್ಲಿ ಅವರ ಹೆಂಡತಿ, ವೃತ್ತಿಯಲ್ಲಿ ಟೈಲರ್, ಯಾರದೋ ರವಿಕೆಗೆ ಗುಂಡಿ ಹಚ್ಚುತ್ತಾ ಕಾದರು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಕೊನೆಯ ವಾಕ್ಯ ಮುಗಿಯಿತು. ದನಿ ಬಿಡಿಸುವ ಕೆಲಸ ಇನ್ನೂ ಬಾಕಿ ಇದ್ದುದರಿಂದ ಥೆರಪಿಸ್ಟ್ ಎಂದಿನಂತೆ ಅಜ್ಜಿಯನ್ನು ಮಲಗಿಸಿ ಹೋದರು. ಆ ಹಳೆಯ ಪ್ರೋಗ್ರಾಮಿಗೊಂದು ಕೆಟ್ಟ ಚಾಳಿ: ಸರಿಯಾಗಿ ಮುಚ್ಚುವ ತನಕ ಅದು ಮುದ್ರಿಸಿದ್ದನ್ನು ಡಿಸ್ಕಿಗೆ ಬರೆಯುವುದೇ ಇಲ್ಲ. ಮೇಷ್ಟ್ರ ದನಿಯಷ್ಟೂ ಆ ನಿದ್ದೆಯೊಳಗೇ ಉಳಿಯಿತು.

ಆಮೇಲೆ ರಜೆ ಬಂತು. ರಜೆಯಲ್ಲಿ ಮುಖ್ಯ ಕಚೇರಿಯವರು ಎಲ್ಲ ಕಂಪ್ಯೂಟರುಗಳಿಗೂ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿ, ಅಜ್ಜಿಯನ್ನು ನಡೆಸುವ ತಂತ್ರಾಂಶವನ್ನೂ ಹೊಸದು ಮಾಡಿ ಕೈತೊಳೆದುಕೊಂಡರು. ಮರಳಿ ಬಂದು ನೋಡಿದರೆ ಅಜ್ಜಿ ಏಳಲೊಲ್ಲಳು. ಮಲಗಿಸಿದ ಸ್ಥಿತಿಯನ್ನು ಮರಳಿ ತರಲಾಗದು ಎಂಬ ಸಂದೇಶ, ಕೆಳಗೆ ಅದನ್ನು ಎಸೆದು ಹೊಸದಾಗಿ ಶುರು ಮಾಡುವ ಗುಂಡಿ. ಮುಖ್ಯ ಕಚೇರಿಯಿಂದ ಫೋನಿನಲ್ಲಿದ್ದಾತ, "ಅದನ್ನ ಒತ್ಬಿಡಿ, ಸರಿಹೋಗತ್ತೆ" ಎಂದ. ಥೆರಪಿಸ್ಟರ ಬೆರಳು ಮೌಸಿನ ಮೇಲಿತ್ತು. ಬಾಗಿಲಲ್ಲಿ ಮೇಡಂ, "ತಡೀರಿ!" ಅವರು ಅಷ್ಟು ಜೋರಾಗಿ ಹೇಳಿದ್ದನ್ನು ನಾವು ಅದುವರೆಗೆ ಕೇಳಿರಲಿಲ್ಲ.

"ಇದಕ್ಕೆ ಯಾಕಿಷ್ಟು ಗಲಾಟೆ?" ಎಂದರು ಒಳಗೆ ಬಂದ ನಿರ್ದೇಶಕರು. "ಇನ್ನೊಂದ್ಸಲ ರೆಕಾರ್ಡ್ ಮಾಡ್ಕೊಂಡ್ರಾಯ್ತಪ್ಪ."

"ಯಾರ ದನೀನ ಸರ್?" ಎಂದರು ಥೆರಪಿಸ್ಟ್. "ಅವರ ಆಪರೇಷನ್ ಆಗೋಯ್ತು."

ಅಂದೇ ಮಧ್ಯಾಹ್ನ ದನಿ ನುಡಿಸುವ ಯಂತ್ರ ಸಿದ್ಧವಾಯಿತೇ ಎಂದು ವಿಚಾರಿಸಲು ಮೇಷ್ಟ್ರ ಹೆಂಡತಿ ಬಂದರು. ಯಂತ್ರದಲ್ಲಿ ಸಿದ್ಧ ದನಿಗಳು ಬೇಕಾದಷ್ಟಿವೆ, ಒಂದನ್ನು ಆರಿಸಿಕೊಳ್ಳಬಹುದು ಎಂದು ನಿರ್ದೇಶಕರು ನಯವಾಗಿ ಹೇಳಿ ನೋಡಿದರು. ಆಕೆ ಚೀಲವನ್ನು ಎದೆಗೊತ್ತಿಕೊಂಡು, "ವಾರ್ತೆ ಓದೋರ ಥರದ ದನಿ ಕಟ್ಕೊಂಡು ನಾನೇನ್ಮಾಡ್ಲಿ ಸ್ವಾಮಿ? ಬೈದ್ರೂ ಪರವಾಗಿಲ್ಲ, ಅವರ ದನೀಲೇ ಬೈಲಿ" ಎಂದರು. ಮೇಡಂ ಆಕೆಯನ್ನು ಕೂರಿಸಿ ನೀರು ಕೊಟ್ಟರು, ಭರವಸೆ ಮಾತ್ರ ಕೊಡಲಿಲ್ಲ.

ಅವರು ಮೊದಲು ಮಾಡಿದ್ದು ಅಜ್ಜಿಯ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಮೂಲ ಡಿಸ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದು. ಆಮೇಲಿನ ಪ್ರಯೋಗವೆಲ್ಲ ನಕಲಿನ ಮೇಲೆ. ಹೊಸ ಸಿಸ್ಟಮ್ಮಿನಲ್ಲಿ ಹಳೆಯ ತಂತ್ರಾಂಶ ಹಾಕಿ ನೋಡಿದರು, ಕೂರಲಿಲ್ಲ. ಹೊಸ ಸಿಸ್ಟಂ ತನ್ನದೇ ಒಂದು ವರ್ಚುವಲ್ ಏರ್ಪಾಟನ್ನು ಒಳಗಿಟ್ಟುಕೊಂಡು ಪ್ರೊಸೆಸರನ್ನು ಹಿಡಿದು ಕೂತಿದೆ ಎಂದು ಪತ್ತೆಯಾಯಿತು. "ಒಂದು ಮನೆಗೆ ಇಬ್ಬರು ಯಜಮಾನರು, ಇನ್ನೇನಾಗತ್ತೆ" ಎಂದು ಗೊಣಗುತ್ತಾ ಅದನ್ನು ಸುಮ್ಮನಾಗಿಸಿದರು. ತಂತ್ರಾಂಶ ಕೂತಿತು, ಅಜ್ಜಿ ಮಾತ್ರ ಏಳಲಿಲ್ಲ. ಆಗ ಕುರ್ಚಿ ಹಿಂದಕ್ಕೆ ತಳ್ಳಿ ಹೇಳಿದರು: "ಮಲಗಿದ್ದೋರನ್ನ ಹಾಸಿಗೆ ಸಮೇತ ಹೊಸ ಮನೆಗೆ ಹೊತ್ಕೊಂಡು ಬಂದಿದ್ದೀವಿ. ಹಳೇ ಮನೇಲೇ ಎಬ್ಬಿಸಿ, ನಡೆಸ್ಕೊಂಡು ಬರಬೇಕಿತ್ತು. ಹಳೇ ಮನೆ ಎಲ್ಲಾದ್ರೂ ಉಳಿದಿದೆಯಾ?"

ಉಳಿದಿತ್ತು. ರೋಗಿಗಳು ಕಾಯುವ ಹಾಲಿನಲ್ಲಿ ಟೋಕನ್ ಸಂಖ್ಯೆ ತೋರಿಸುತ್ತಿದ್ದ ಕಂಪ್ಯೂಟರ್ ಅಜ್ಜಿಯಿದ್ದ ಕಂಪ್ಯೂಟರಿನ ಜೊತೆಗೇ ಕೊಂಡದ್ದು, ಅದೇ ಪ್ರೊಸೆಸರಿನದು. ಜಾಲಕ್ಕೆ ಸೇರಿಸಿರಲೇ ಇಲ್ಲವಾದ್ದರಿಂದ ಮುಖ್ಯ ಕಚೇರಿಯ ಕೈಗೆ ಸಿಕ್ಕಿರಲಿಲ್ಲ. ಅದನ್ನು ಹೊತ್ತು ತಂದೆವು. ಇತ್ತ ಹಾಲಿನಲ್ಲಿ ಕಾವಲುಗಾರ ಟೋಕನ್ ಸಂಖ್ಯೆ ಕೂಗತೊಡಗಿದ. ಕಿವಿ ಕೇಳದವರ ಆಸ್ಪತ್ರೆಯಲ್ಲಿ ಕೂಗಿ ಏನು ಪ್ರಯೋಜನ ಎಂದು ಹೊಳೆದ ಮೇಲೆ ರಟ್ಟಿನ ಮೇಲೆ ಬರೆದು ಎತ್ತಿ ಹಿಡಿದು ನಿಂತ.

ಹಳೆಯ ತಂತ್ರಾಂಶ ಹಾಕಿ, ಅಜ್ಜಿಯ ನಕಲನ್ನು ಇಳಿಸಿ ಎಬ್ಬಿಸಿದರೆ, ಪರದೆಯ ಪಟ್ಟಿ ಕೊನೆಯ ತನಕ ತುಂಬಿ ನಿಂತುಬಿಟ್ಟಿತು. ಮೇಡಂ ಸಂದೇಶವನ್ನು ನಿಧಾನವಾಗಿ ಓದಿದರು. ಮಲಗುವಾಗ ಜೊತೆಗಿದ್ದ ಮೈಕು ಈಗ ಕಾಣುತ್ತಿಲ್ಲವೆಂಬ ದೂರು ಅದು. ಮುದ್ರಣ ಕೋಣೆಯಿಂದ ಅದೇ ಮೈಕು ತಂದು ಚುಚ್ಚಿದೆವು. ಪರದೆ ಒಮ್ಮೆ ಕಪ್ಪಾಗಿ ಬೆಳಗಿತು: ಅದೇ ಕಿಟಕಿ, ಅದೇ ಕೊನೆಯ ವಾಕ್ಯದ ಅಲೆಗೆರೆ, ಮೂಲೆಯ ಗಡಿಯಾರದಲ್ಲಿ ಇನ್ನೂ ಅಂದಿನ ಮಧ್ಯಾಹ್ನ. ಥೆರಪಿಸ್ಟ್ ಹಾಕಿ ಕೇಳಲು ಕೈ ಚಾಚಿದರು. ಮೇಡಂ ಬಿಡಲಿಲ್ಲ. ಮೊದಲು ಉಳಿಸಿ, ಪ್ರೋಗ್ರಾಂ ಮುಚ್ಚಿ, ಡಿಸ್ಕಿನಲ್ಲಿ ಕಡತ ಕಂಡ ಮೇಲೆಯೇ "ಈಗ ಹಾಕಿ" ಎಂದದ್ದು.

ಬೆಂಚಿನಿಂದ ಟೈಲರಮ್ಮನನ್ನು ಕರೆತಂದಿದ್ದರು. ಸ್ಪೀಕರಿನಲ್ಲಿ ಮೇಷ್ಟ್ರು ವಾಕ್ಯಗಳನ್ನು ಓದುತ್ತಾ ಹೋಗಿ, ಒಂದೆಡೆ ನಿಲ್ಲಿಸಿ, "ಇನ್ನೂ ಎಷ್ಟಿದೆಯಮ್ಮಾ ತಾಯಿ? ಇವಳು ಹೊರಗೆ ಊಟ ಮಾಡ್ದೆ ಕೂತಿರ್ತಾಳೆ" ಎಂದು ಥೆರಪಿಸ್ಟರನ್ನು ಗದರಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಮೇಡಂ ಕೂಡ ಅತ್ತರು. ಇದನ್ನು ಬರೆಯಕೂಡದೆಂದು ನನಗೆ ತಾಕೀತು ಮಾಡಿದ್ದಾರೆ, ಬರೆದಿದ್ದೇನೆ.

ಮರುದಿನ ನಿರ್ದೇಶಕರು ತಪ್ಪು ಯಾರದೆಂದು ಕೇಳಿದರು. ಥೆರಪಿಸ್ಟ್ ತಲೆ ತಗ್ಗಿಸಿ ನಿಂತಿದ್ದರು. ಮೇಡಂ, "ಎಲ್ಲರೂ ಮಲಗಿಸೋರೇ ಸರ್. ಎದ್ದೇಳೋಕೆ ಅಷ್ಟು ಹೊತ್ತು ತಗೊಂಡ್ರೆ ಯಾರು ತಾನೇ ಮುಚ್ತಾರೆ? ಅದನ್ನ ಸರಿ ಮಾಡಿಡೋದು ನನ್ನ ಕೆಲಸ" ಎಂದು ಮಾತು ಮುಗಿಸಿದರು. ಆ ವಾರವಿಡೀ ಕೂತು ಅಜ್ಜಿಯೊಳಗಿನ ಬೇಡದ ಹೊರೆಗಳನ್ನೆಲ್ಲ ಇಳಿಸಿದರು. ಚುರುಕಾಗಿ ಏಳುವಂತಾದ ಅಜ್ಜಿಯನ್ನು ಸರಿಯಾಗಿ ಮುಚ್ಚಿ ಹೊಸ ಸಿಸ್ಟಮ್ಮಿಗೆ ಕರೆತಂದರು. ಆಮೇಲೆ ಅದನ್ನು ಮಲಗಿಸುವ ಅಗತ್ಯ ಯಾರಿಗೂ ಬೀಳಲಿಲ್ಲ. ಬೈದು ಬುದ್ಧಿ ಕಲಿಸುವವರು ಊರ ತುಂಬ ಇದ್ದಾರೆ. ತಪ್ಪು ಮಾಡುವ ಪ್ರಮೇಯವನ್ನೇ ತೆಗೆದುಹಾಕುವವರು ಅಪರೂಪ.

ಮೇಡಂ ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದ ಸಿದ್ಧತೆಗೆ ಕರೆದ ಸಭೆಗೆ ಕಾರಿನ ಮೇಷ್ಟ್ರು ಹೇಳಿಸಿಕೊಳ್ಳದೆಯೇ ಬಂದಿದ್ದರು. ಮೇಡಂ ಅವರಿಗೆ ದೀರ್ಘಾಯುಷ್ಯ ಕೋರುವ ಸಾಲುಗಳನ್ನು ಯಾರು ಬರೆಯಬೇಕೆಂದು ನಾವು ಚರ್ಚಿಸುತ್ತಿರುವಾಗ ಮೇಷ್ಟ್ರು ಕೈ ಎತ್ತಿ, ಮಡಿಲಿನ ಪುಟ್ಟ ಯಂತ್ರದಲ್ಲಿ ಒಂದೊಂದೇ ಅಕ್ಷರ ಒತ್ತತೊಡಗಿದರು. ನಾವು ಕಾದೆವು. ಒತ್ತಿ ಮುಗಿಸಿದ ಮೇಲೆ ಯಂತ್ರ ನುಡಿಯಿತು: "ನೂರು ವರ್ಷ ಬಾಳಿ ತಾಯಿ. ಗೇರ್ ಬದಲಾಯಿಸಿ, ಗಾಡಿ ನಿಲ್ಲಿಸಬೇಡಿ." ನಮ್ಮೆಲ್ಲರ ಹಾರೈಕೆಯೂ ಅಷ್ಟೇ. ಹೇಳಿದ ದನಿ ಮಾತ್ರ ಮೇಷ್ಟ್ರದೇ.